ಅಳಿಸಿದ್ದು ಒಂದೇ ಸಾಲು, ಸ್ವಾಮಿ!

ಕೋಲ್ಕತ್ತದ ಉತ್ತರಕ್ಕೆ ಡಮ್ ಡಮ್ ಎಂಬ ಊರಿದೆ. ಬೆಂಗಳೂರಿನಿಂದ ವಿಮಾನ ಹತ್ತಿ ಕೋಲ್ಕತ್ತಕ್ಕೆ ಹೋದವರು ಇಳಿಯುವುದು ಅಲ್ಲೇ. ಬ್ರಿಟಿಷರ ಕಾಲದಲ್ಲಿ ಅಲ್ಲಿನ ಮದ್ದುಗುಂಡಿನ ಕಾರ್ಖಾನೆಯಲ್ಲಿ ಹೊಸ ಥರದ ಗುಂಡೊಂದು ತಯಾರಾಯಿತು. ತುದಿಯಲ್ಲಿ ಲೋಹದ ಕವಚ ಇರುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಮೈಗೆ ಹೊಕ್ಕ ಜಾಗದಲ್ಲಿ ಸಣ್ಣ ತೂತು. ಒಳಗೆ ಹೋದ ಮೇಲೆ ಅರಳಿಕೊಂಡು ಕರುಳು, ಮೂಳೆ ಎಲ್ಲ ಚಿಂದಿ. ಇಂಥ ಗುಂಡನ್ನು ಯುದ್ಧದಲ್ಲಿ ಬಳಸಬಾರದೆಂದು 1899ರಲ್ಲಿ ಹೇಗ್ ಸಮ್ಮೇಳನ ಘೋಷಿಸಿತು. ಸಂಸತ್ತಿನಲ್ಲಿ ಬಳಸಬಾರದೆಂದು ಯಾರೂ ಘೋಷಿಸಲಿಲ್ಲ, ನೋಡಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಕೊನೆಯವರೆಗೂ ಓದುವ ತಾಳ್ಮೆ ಯಾರಿಗಿದೆ? ಆ ಕೊನೆಯಲ್ಲೇ 44ನೇ ಸೆಕ್ಷನ್ನಿನ 3ನೇ ಉಪಸೆಕ್ಷನ್ ಆ ಡಮ್ ಡಮ್ ಗುಂಡಿನಂತೆ ಅಡಗಿ ಕೂತಿದೆ. ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನು ಪೂರ್ತಿ ಕಿತ್ತು ಆ ಜಾಗಕ್ಕೆ ಪುಟ್ಟದೊಂದು ವಾಕ್ಯ ತುಂಬಿದ್ದಾರೆ. ಕನ್ನಡದಲ್ಲಿ ಹೇಳಿದರೆ ನಾಲ್ಕೇ ಪದ: ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ಮಾಹಿತಿ. ಅಂಥದ್ದನ್ನು ಇನ್ನು ಕೊಡಬೇಕಾಗಿಲ್ಲ. ಹೆಸರಿದ್ದರೆ ವೈಯಕ್ತಿಕ, ಸಹಿ ಇದ್ದರೆ ವೈಯಕ್ತಿಕ, ಸಂಬಳ, ಅಂಕ, ಆಸ್ತಿ ಎಲ್ಲವೂ ವೈಯಕ್ತಿಕ. ಯಾರ ಹೆಸರೂ ಇಲ್ಲದ ಸರ್ಕಾರಿ ಕಡತ ನೀವು ಕಂಡಿದ್ದೀರಾ? ನಾನಂತೂ ಕಂಡಿಲ್ಲ.

ಹಳೆಯ ಕಲಮು ವೈಯಕ್ತಿಕ ಬದುಕಿಗೆ ರಕ್ಷಣೆ ಕೊಡುತ್ತಿರಲಿಲ್ಲವೇ? ಚೆನ್ನಾಗಿಯೇ ಕೊಡುತ್ತಿತ್ತು. ಸಾರ್ವಜನಿಕ ಕೆಲಸಕ್ಕೆ ಸಂಬಂಧಪಡದ, ಬಹಿರಂಗವಾದರೆ ವಿನಾಕಾರಣ ಖಾಸಗಿತನಕ್ಕೆ ಕೈಹಾಕಿದಂತಾಗುವ ಮಾಹಿತಿಯನ್ನು ಕೊಡಬೇಕಾಗಿಲ್ಲ ಎಂದೇ ಅದು ಹೇಳುತ್ತಿತ್ತು. ಅದರ ಬಾಲಕ್ಕೆ ಇನ್ನೊಂದು ಸಾಲಿತ್ತು. ಸಂಸತ್ತಿಗಾಗಲಿ ವಿಧಾನಮಂಡಲಕ್ಕಾಗಲಿ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸುವಂತಿಲ್ಲ ಎಂಬುದು ಅದರ ಅರ್ಥ. ಈ ದೇಶದ ಕಾನೂನು ಪುಸ್ತಕಗಳಲ್ಲಿ ಇದಕ್ಕಿಂತ ಚೆಂದದ ಸಾಲು ನನಗೆ ಸಿಕ್ಕಿಲ್ಲ. ದೆಹಲಿಯ ಸಂಸದನಿಗೂ ಹುನಗುಂದದ ಸಂತೆಯಲ್ಲಿ ಮೆಣಸಿನಕಾಯಿ ಮಾರುವ ಹೆಂಗಸಿಗೂ ಒಂದೇ ತಕ್ಕಡಿ ಹಿಡಿದ ಸಾಲು ಅದು. ಅದನ್ನೇ ಅಳಿಸಿದರು.

ಅಳಿಸಿದ ರೀತಿಯನ್ನಾದರೂ ನೋಡಿ. 2023ರ ಆಗಸ್ಟ್ 7ರಂದು ಲೋಕಸಭೆಯಲ್ಲಿ ಧ್ವನಿಮತ, 9ರಂದು ರಾಜ್ಯಸಭೆಯಲ್ಲಿ ಅಂಗೀಕಾರ, 11ಕ್ಕೆ ರಾಷ್ಟ್ರಪತಿಗಳ ಅಂಕಿತ. ಆಮೇಲೆ ಎರಡು ವರ್ಷ ಕಾಯ್ದೆ ಕಪಾಟಿನಲ್ಲಿ ಮಲಗಿತ್ತು. 2025ರ ನವೆಂಬರಿನಲ್ಲಿ ನಿಯಮಗಳು ಪ್ರಕಟವಾದಾಗ ನಮ್ಮ ಫೋನ್ ನಂಬರನ್ನು ಬೀದಿಗಿಟ್ಟು ಮಾರುವ ಕಂಪನಿಗಳಿಗೆ ಸಿಕ್ಕಿದ್ದು 18 ತಿಂಗಳ ಕಾಲಾವಕಾಶ. ಪಾಪ, ಅವರು ಸಿದ್ಧತೆ ಮಾಡಿಕೊಳ್ಳಬೇಕಲ್ಲ! ಮಾಹಿತಿ ಹಕ್ಕಿನ ಕತ್ತು ಹಿಚುಕುವ ಕಲಮು ಮಾತ್ರ ತಕ್ಷಣವೇ ಜಾರಿ. ದತ್ತಾಂಶ ರಕ್ಷಣೆಗೆ ಹದಿನೆಂಟು ತಿಂಗಳು, ಅಧಿಕಾರಿ ರಕ್ಷಣೆಗೆ ಹದಿನೆಂಟು ಗಂಟೆಯೂ ಇಲ್ಲ. ಕಾಯ್ದೆ ಯಾರಿಗಾಗಿ ಹುಟ್ಟಿತು ಎಂದು ಇನ್ನೂ ಜಾತಕ ನೋಡಬೇಕೇ?

ಕೇಳಿದರೆ ಪುಟ್ಟಸ್ವಾಮಿ ತೀರ್ಪು ತೋರಿಸುತ್ತಾರೆ. ನನ್ನ ಸಿಟ್ಟು ನೆತ್ತಿಗೇರುವುದು ಇಲ್ಲೇ. ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ನಮ್ಮವರು, ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯ ಹೇಳಿದವರು. ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿನ ಬಾಗಿಲು ಬಡಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಆ ಮುದುಕರು ಕೇಳಿದ್ದು ಸರ್ಕಾರ ಪ್ರಜೆಯ ಅಡುಗೆಮನೆಗೆ ಇಣುಕಬಾರದು ಎಂದು. ಪ್ರಜೆ ಸರ್ಕಾರದ ತಿಜೋರಿಗೆ ಇಣುಕಬಾರದು ಎಂದಲ್ಲ. ಕಳ್ಳ ಬಾರದಿರಲಿ ಎಂದು ಹಾಕಿಸಿದ ಬೀಗವನ್ನು ಕಳ್ಳನೇ ಬಿಚ್ಚಿಕೊಂಡು ಹೋಗಿ ತನ್ನ ಮನೆಗೆ ಹಾಕಿಕೊಂಡ ಹಾಗಾಯಿತು. 2024ರಲ್ಲಿ ಪುಟ್ಟಸ್ವಾಮಿಯವರು ತೀರಿಕೊಂಡರು. ತಮ್ಮ ಹೆಸರಿನಲ್ಲಿ ಈ ಕಲಮು ಜಾರಿಯಾದದ್ದನ್ನು ನೋಡಲು ಅವರಿರಲಿಲ್ಲ.

ಮಾಹಿತಿ ಹಕ್ಕು ಕಾಯ್ದೆಯ 8(2) ಉಳಿದಿದೆಯಲ್ಲ, ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬಹುದಲ್ಲ ಎಂದು ವಕೀಲಿಕೆ ಮಾಡುವವರಿಗೆ ಒಂದೇ ಮಾತು. ಹಿತ ದೊಡ್ಡದೋ ಸಣ್ಣದೋ ಎಂದು ತೂಗುವವರು ಯಾರು? ಕಡತ ಬಚ್ಚಿಟ್ಟ ಕಚೇರಿಯವರೇ. ಇನ್ನು ಮಾತು ಬೇಡ.

ಈಗ ಡಮ್ ಡಮ್ಮಿಗೆ ವಾಪಸಾಗೋಣ. 2009ರಿಂದ ಅಲ್ಲಿನ ಸಂಸದ ತೃಣಮೂಲ ಕಾಂಗ್ರೆಸ್ಸಿನ ಸೌಗತ ರಾಯ್, ಭೌತಶಾಸ್ತ್ರದ ಮೇಷ್ಟ್ರು. 2019ರ ಜುಲೈಯಲ್ಲಿ ಮಾಹಿತಿ ಹಕ್ಕಿಗೆ ಮೊದಲ ಕತ್ತರಿ ಬಿದ್ದಾಗ, ಅಂದರೆ ಮಾಹಿತಿ ಆಯುಕ್ತರ ಅವಧಿ, ಸಂಬಳಗಳನ್ನು ಕಾಯ್ದೆಯಿಂದ ಕಿತ್ತು ಕೇಂದ್ರ ಸರ್ಕಾರದ ಕೈಗೆ ಕೊಟ್ಟಾಗ, ಮಸೂದೆಯನ್ನು ಸ್ಥಾಯಿ ಸಮಿತಿಗೆ ಕಳಿಸಿ ಎಂದು ಅವರು ಸದನದಲ್ಲಿ ಪಟ್ಟು ಹಿಡಿದರು. ಶಶಿ ತರೂರ್ ಇದು ಆರ್‌ಟಿಐ ನಿರ್ಮೂಲನಾ ಮಸೂದೆ ಎಂದರು. ಓವೈಸಿ ಮತಕ್ಕೆ ಹಾಕಿ ಎಂದರು. ಹಾಕಿದಾಗ ಮಂಡನೆಯ ಪರ 224, ವಿರುದ್ಧ 9. ಒಂಬತ್ತು! ಮದುವೆ ಮನೆಯಲ್ಲಿ ಕೊನೆ ಪಂಕ್ತಿಗೆ ಕೂರುವವರೂ ಅದಕ್ಕಿಂತ ಹೆಚ್ಚಿರುತ್ತಾರೆ. ಅಂಗೀಕಾರದ ಹೊತ್ತಿಗೆ 218ಕ್ಕೆ 79. ಆ ವರ್ಷದ ಅಕ್ಟೋಬರಿನಲ್ಲೇ ಆಯುಕ್ತರ ಐದು ವರ್ಷದ ಅವಧಿ ಮೂರಕ್ಕಿಳಿಯಿತು.

2023ರಲ್ಲಿ ವಿರೋಧ ಪಕ್ಷದವರು ಎಲ್ಲಿದ್ದರು? ಮಣಿಪುರದ ಹಿಂಸಾಚಾರದ ಹೆಸರಲ್ಲಿ ಘೋಷಣೆ ಕೂಗುತ್ತಿದ್ದರು, ರಾಜ್ಯಸಭೆಯಲ್ಲಿ ಎದ್ದು ಹೊರಗೆ ನಡೆದರು. ಮಣಿಪುರ ಸಣ್ಣ ಸಂಗತಿ ಎಂದು ನಾನು ಹೇಳುತ್ತಿಲ್ಲ. ಎದ್ದು ಹೋದವರ ಎಲೆಗೆ ಯಾರೂ ಬಡಿಸುವುದಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ. 2025ರ ಏಪ್ರಿಲ್‌ನಲ್ಲಿ ಅದೇ ವಿರೋಧ ಪಕ್ಷಗಳ 120ಕ್ಕೂ ಹೆಚ್ಚು ಸಂಸದರು 44(3) ಕೈಬಿಡಿ ಎಂದು ಸಚಿವ ಅಶ್ವಿನಿ ವೈಷ್ಣವ್ ಅವರಿಗೆ ಪತ್ರ ಬರೆದರು. ಕಾಗದ ಬರೆಯಲು ನೂರಿಪ್ಪತ್ತು ಕೈ, ಮತ ಹಾಕಲು ಒಂದೂ ಇಲ್ಲ.

ಸೌಗತ ರಾಯ್ ಅವರ ಸಿಟ್ಟು ನಿಜವಾದದ್ದೇ ಇರಬಹುದು. ಆದರೆ ಅವರ ಪಕ್ಷ ಆಳುತ್ತಿದ್ದ ಬಂಗಾಳದ ಕಥೆ ಏನು? ಅಲ್ಲಿನ ಮಾಹಿತಿ ಆಯೋಗಕ್ಕೆ ಮೇಲ್ಮನವಿ ಹಾಕಿದರೆ ಇತ್ಯರ್ಥವಾಗಲು 43 ವರ್ಷ ಬೇಕೆಂದು ಸತರ್ಕ್ ನಾಗರಿಕ್ ಸಂಘಟನ್ ಎಂಬ ಸಂಸ್ಥೆ 2018ರಲ್ಲಿ ಲೆಕ್ಕ ಹಾಕಿತ್ತು. 2022ರ ಲೆಕ್ಕದಲ್ಲಿ ಅದು 24 ವರ್ಷಕ್ಕೆ ಇಳಿಯಿತು. ಪ್ರಗತಿ ಎಂದರೆ ಇದಪ್ಪಾ! ಆ ರಾಜ್ಯದ ಶಾಲಾ ನೇಮಕಾತಿ ಹಗರಣದಲ್ಲಿ 25,753 ನೇಮಕಾತಿಗಳನ್ನು 2025ರ ಏಪ್ರಿಲ್ 3ರಂದು ಸುಪ್ರೀಂ ಕೋರ್ಟು ರದ್ದು ಮಾಡಿತು. ಮಂತ್ರಿಯೊಬ್ಬರ ಮಗಳ ಕೆಲಸವನ್ನು ಹೈಕೋರ್ಟು 2022ರಲ್ಲೇ ಕಿತ್ತು ಸಂಬಳ ವಾಪಸು ಕಟ್ಟಿಸಿತ್ತು. ಅದೆಲ್ಲ ಬಯಲಾದದ್ದು ಹೇಗೆ? ಯಾರಿಗೆಷ್ಟು ಅಂಕ, ಯಾರ ಹೆಸರು ಎಲ್ಲಿಂದ ಎಲ್ಲಿಗೆ ಹಾರಿತು ಎಂದು ಪಕ್ಕಪಕ್ಕ ಇಟ್ಟು ನೋಡಿದ್ದರಿಂದ. ನಮ್ಮ 545 ಪಿಎಸ್‌ಐ ಹುದ್ದೆಗಳ ಹಗರಣವೂ ಹೊತ್ತಿಕೊಂಡದ್ದು ಒಂದು ಓಎಂಆರ್ ಹಾಳೆಯಿಂದ. ಇನ್ನು ಮುಂದೆ ಹೆಸರೂ ವೈಯಕ್ತಿಕ, ಅಂಕವೂ ವೈಯಕ್ತಿಕ, ಬರೆಯದೇ ಖಾಲಿ ಬಿಟ್ಟ ಉತ್ತರವೂ ವೈಯಕ್ತಿಕ!

ಕನ್ನಡಿಗರು ಬೀಗಬೇಕಾಗಿಲ್ಲ. ಕೇಂದ್ರಕ್ಕಿಂತ ಐದು ವರ್ಷ ಮೊದಲೇ, 2000ದಲ್ಲಿ, ಮಾಹಿತಿ ಹಕ್ಕಿನ ಕಾಯ್ದೆ ಮಾಡಿದ ರಾಜ್ಯ ನಮ್ಮದು. 2008ರಲ್ಲಿ ಅರ್ಜಿ ಒಂದೇ ವಿಷಯದ ಮೇಲಿರಬೇಕು, 150 ಪದ ಮೀರಬಾರದು ಎಂದು ನಿಯಮ ಮಾಡಿದ್ದೂ ನಮ್ಮದೇ ರಾಜ್ಯ. ನಾನೊಮ್ಮೆ ನಮ್ಮೂರ ಕಡೆ ಎರಡೇ ಮಳೆಗಾಲಕ್ಕೆ ಕಿತ್ತುಹೋದ ರಸ್ತೆಯ ಅಳತೆ ಪುಸ್ತಕ, ಬಿಲ್ಲುಗಳ ನಕಲು ಕೇಳಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ನಮೂನೆ ‘ಎ’ ಹಾಕಿದ್ದೆ. ಕಚೇರಿಯ ಹೆಸರು ಬೇಡ. ಇಪ್ಪತ್ತೊಂಬತ್ತನೇ ದಿನ ಹಿಂಬರಹ ಬಂತು: ಅರ್ಜಿಯಲ್ಲಿ ಎರಡು ವಿಷಯಗಳಿವೆ, ವಿಲೇ ಮಾಡಿದೆ. ರಸ್ತೆ ಒಂದು ವಿಷಯವಂತೆ, ದುಡ್ಡು ಇನ್ನೊಂದಂತೆ.

ಕಾಂಗ್ರೆಸ್ಸಿಗರೂ ಕಾಲರ್ ಏರಿಸುವ ಹಾಗಿಲ್ಲ. 2006ರಲ್ಲಿ ಕಡತದ ಟಿಪ್ಪಣಿಗಳನ್ನು ಮಾಹಿತಿ ಹಕ್ಕಿನಿಂದ ಹೊರಗಿಡಲು ಹೊರಟದ್ದು ಮನಮೋಹನ ಸಿಂಗರ ಸಂಪುಟವೇ; ಜನ ಬೀದಿಗಿಳಿದ ಮೇಲೆ ಹಿಂದೆ ಸರಿಯಿತು. ಆರು ರಾಷ್ಟ್ರೀಯ ಪಕ್ಷಗಳು ಈ ಕಾಯ್ದೆಯಡಿ ಬರುತ್ತವೆಂದು 2013ರಲ್ಲಿ ಕೇಂದ್ರ ಮಾಹಿತಿ ಆಯೋಗ ಹೇಳಿದಾಗ ಒಂದು ಪಕ್ಷವೂ ತಲೆಬಾಗಲಿಲ್ಲ. ನಮ್ಮಲ್ಲಿ ಗದ್ದುಗೆ ಏರಿದವನಿಗೆ ಮೊದಲು ಬರುವ ಕಾಯಿಲೆ ಕಿವುಡು. ಕೆಳಗಿಳಿದ ಮರುದಿನವೇ ಗುಣವಾಗುತ್ತದೆ.

ಅಳಿಸಿದ ಆ ಸಾಲನ್ನು ಇನ್ನೊಮ್ಮೆ ನೆನೆಯಿರಿ. ಸಂಸತ್ತಿಗೆ ಸಿಗುವುದು ನಮಗೂ ಸಿಗಬೇಕು ಎಂದಿತ್ತು. ಈಗ ಸಂಸತ್ತಿಗಾದರೂ ಏನು ಸಿಗುತ್ತಿದೆ? 2020ರ ಸೆಪ್ಟೆಂಬರಿನಲ್ಲಿ ಪ್ರಶ್ನೋತ್ತರ ಅವಧಿಯನ್ನೇ ರದ್ದು ಮಾಡಿದರು. ಲಾಕ್‌ಡೌನಿನಲ್ಲಿ ಊರು ಸೇರಲು ಹೊರಟ ಎಷ್ಟು ಕೂಲಿಕಾರರು ಸತ್ತರು ಎಂಬ ಲಿಖಿತ ಪ್ರಶ್ನೆಗೆ ಅಂಥ ಲೆಕ್ಕವಿಲ್ಲ ಎಂದರು. 2021ರ ಮೇ ಮೊದಲ ವಾರ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಒಂದೇ ದಿನದೊಳಗೆ 24 ಜನ ತೀರಿಕೊಂಡರು. ಆಮ್ಲಜನಕದ ಕೊರತೆ ಎಂದು ಇಡೀ ನಾಡು ಎದೆ ಬಡಿದುಕೊಂಡಿತು. ಅದೇ ವರ್ಷದ ಜುಲೈ 20ರಂದು ಕೇಂದ್ರ ಆರೋಗ್ಯ ಇಲಾಖೆ ರಾಜ್ಯಸಭೆಗೆ ಕೊಟ್ಟ ಉತ್ತರ: ಆಮ್ಲಜನಕದ ಕೊರತೆಯಿಂದ ಸತ್ತರೆಂದು ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲ. ಸತ್ತವರ ಮನೆಯವರು ಆ ಉತ್ತರವನ್ನು ಟಿವಿಯಲ್ಲಿ ಕೇಳಿಸಿಕೊಂಡಿರುತ್ತಾರೆ.

ಹಾಗಿದ್ದರೂ ಆ ಬಾಗಿಲು ಪೂರ್ತಿ ಮುಚ್ಚಿಲ್ಲ. ಅಧಿವೇಶನದ ಪ್ರತಿ ದಿನ ಲೋಕಸಭೆ 230 ಚುಕ್ಕೆ ಗುರುತಿಲ್ಲದ ಪ್ರಶ್ನೆಗಳನ್ನು ತೆಗೆದುಕೊಳ್ಳುತ್ತದೆ, ಮಂತ್ರಿಗಳು ಲಿಖಿತ ಉತ್ತರ ಕೊಡಲೇಬೇಕು. ಕೇಂದ್ರದ ಯಾವುದೇ ಕಚೇರಿಯಿಂದ ನಿಮಗೆ ‘8(1)(ಜೆ) ಅಡಿ ನಿರಾಕರಿಸಲಾಗಿದೆ’ ಎಂಬ ಹಿಂಬರಹ ಬಂದರೆ ಹರಿದು ಬಿಸಾಡಬೇಡಿ. ನಕಲು ತೆಗೆಸಿ ನಿಮ್ಮ ಸಂಸದರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಇದೇ ಪ್ರಶ್ನೆಯನ್ನು ನಿಮ್ಮ ಹೆಸರಲ್ಲಿ ಕೇಳಿ ಎಂದು ಬರೆಯಿರಿ. ಕರ್ನಾಟಕದಿಂದ ಅಲ್ಲಿಗೆ ಹೋಗಿ ಕೂತವರು 28 ಜನ. ಯಾರು ಕೇಳಿದರು, ಯಾರು ಕೇಳಲಿಲ್ಲ ಎಂಬ ಪಟ್ಟಿ ನಿಮ್ಮ ಬಳಿ ಇರಲಿ. ಆ ಪಟ್ಟಿ ವೈಯಕ್ತಿಕ ಅಲ್ಲ.