ಅನಂತ ಬಲದ ಲೆಕ್ಕ

ಹನುಮಂತ ಹೆಚ್ಚೋ ಭೀಮ ಹೆಚ್ಚೋ ಎಂಬ ವಾದವು ನಮ್ಮ ಹೊಸಪೇಟೆಯ ಸೀಮೆಯಲ್ಲಿ ಇಂದು ನಿನ್ನೆಯದಲ್ಲ. ಹಂಪೆಯಲ್ಲಿ ಮತಂಗ ಪರ್ವತವೂ ಮಾಲ್ಯವಂತವೂ ಇವೆ. ಹೊಳೆಯ ಆಚೆಯ ದಡದಲ್ಲಿ ಅಂಜನಾದ್ರಿ ಇದೆ. ಇದೇ ಕಿಷ್ಕಿಂಧೆಯೆಂದು ನಂಬಿದ ಜನರ ನಡುವೆ ಬೆಳೆದ ಮಕ್ಕಳಿಗೆ ವಾನರವೀರರು ನೆರೆಮನೆಯವರಿದ್ದಂತೆ. ರಾತ್ರಿ ಬಯಲಾಟ ನೋಡಿ ಬಂದ ಹುಡುಗರು ಮರುದಿನ ಕಟ್ಟೆಯ ಮೇಲೆ ಕುಳಿತು ವೀರರನ್ನು ಮೇಲು ಕೀಳೆಂದು ಸಾಲಾಗಿ ನಿಲ್ಲಿಸುವುದು ಸಹಜವೇ ಸರಿ. ಈಗಿನ ಮಕ್ಕಳು ಆ ಸಾಲಿಗೆ ಚಿತ್ರಕಥೆಗಳ, ಚಲನಚಿತ್ರಗಳ ವೀರರನ್ನೂ ಸೇರಿಸಿಕೊಂಡಿದ್ದಾರೆ. ವಾದದ ರೀತಿ ಮಾತ್ರ ಬದಲಾಗಿಲ್ಲ. ಒಬ್ಬನು ತನ್ನ ವೀರನ ಬಲ ಸಾವಿರ ಆನೆಗಳದೆಂದರೆ ಇನ್ನೊಬ್ಬನು ಲಕ್ಷವೆನ್ನುತ್ತಾನೆ. ಕೊನೆಗೆ ಒಬ್ಬನು ‘ಅನಂತ’ ಎನ್ನುತ್ತಾನೆ. ಮತ್ತೊಬ್ಬನು ಸುಮ್ಮನಿರುವನೆ? ‘ಅನಂತದ ಮೇಲೊಂದು’ ಎನ್ನುತ್ತಾನೆ. ತುಸು ಗಣಿತ ಓದಿಕೊಂಡವರು, “ನಿನ್ನದು ಎಣಿಸಬಹುದಾದ ಅನಂತ, ನನ್ನದು ಎಣಿಸಲಾಗದ ಅನಂತ” ಎನ್ನುವವರೆಗೂ ಹೋಗುತ್ತಾರೆ.

ಈ ಮಾತನ್ನು ಕೇಳಿ ನಗುವವರುಂಟು. ನಾನು ನಗಲಾರೆ. ಅದರಲ್ಲಿ ಅರ್ಧ ಸತ್ಯವಿದೆ, ಅದೂ ಬಹು ಸುಂದರವಾದ ಸತ್ಯ. ಉಳಿದರ್ಧದಲ್ಲಿ ಗಣಿತವೂ ಕೆಡುತ್ತದೆ, ಕಾವ್ಯವೂ ಕೆಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಭೀಮನ ಬಲಕ್ಕೆ ವ್ಯಾಸರೇ ಲೆಕ್ಕ ಕೊಟ್ಟಿದ್ದಾರೆ. ನಾಗಲೋಕದಲ್ಲಿ ಅವನು ಸಾವಿರ ಆನೆಗಳ ಬಲವನ್ನೀಯುವ ರಸಕುಂಡಗಳನ್ನು ಎಂಟು ಕುಡಿದು, ಹತ್ತು ಸಾವಿರ ಆನೆಗಳ ಬಲವುಳ್ಳವನಾದನೆಂದು ಆದಿಪರ್ವದಲ್ಲಿದೆ. ಎಂಟು ಸಾವಿರವು ಹತ್ತು ಸಾವಿರವಾದದ್ದು ಹೇಗೆಂದು ಗಣಿತದ ಮೇಷ್ಟ್ರು ಕೇಳಿದರೆ, ಉಳಿದೆರಡು ಸಾವಿರ ಅವನ ಸ್ವಂತದ್ದೆಂದು ಹೇಳಿ ಪಾರಾಗಬಹುದು! ಅದೇನೇ ಇರಲಿ, ಇದು ಎಷ್ಟು ದೊಡ್ಡದಾದರೂ ಮುಗಿಯುವ ಸಂಖ್ಯೆ. 1953ರಿಂದ ನೀರು ನಿಲ್ಲತೊಡಗಿದ ತುಂಗಭದ್ರಾ ಜಲಾಶಯದ ತಳದಲ್ಲಿ ಕೂಡಿರುವ ಹೂಳಿನ ಕಣಗಳನ್ನು ಯಾರೂ ಎಣಿಸಿ ಪೂರೈಸಲಾರರು. ಆದರೂ ಅವು ಅನಂತವಲ್ಲ. ಎಣಿಸುವವನ ಆಯುಸ್ಸು ಸಾಲದು, ಅಷ್ಟೆ. ಈ ವ್ಯತ್ಯಾಸವನ್ನು ನಮ್ಮ ಜೈನಾಚಾರ್ಯರು ಚೆನ್ನಾಗಿ ಬಲ್ಲವರಾಗಿದ್ದರು. ಸಂಖ್ಯಾತ, ಅಸಂಖ್ಯಾತ, ಅನಂತವೆಂದು ಅವರು ಮೂರು ಬಗೆ ಮಾಡಿ, ಅವುಗಳಲ್ಲಿಯೂ ಒಳಭೇದಗಳನ್ನು ಹೇಳಿದರು. ಇಂತಹ ವಿಚಾರಗಳುಳ್ಳ ಧವಲಾ ಟೀಕೆಯ ಓಲೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿದ್ದು ನಮ್ಮ ಮೂಡುಬಿದಿರೆ. ಹಾಗೆಂದು ಆಧುನಿಕ ಸಿದ್ಧಾಂತವೆಲ್ಲ ಅಲ್ಲಿಯೇ ಇತ್ತೆಂದು ಬೀಗುವುದು ತಪ್ಪು. ಅನಂತಗಳಲ್ಲಿ ದೊಡ್ಡದು ಚಿಕ್ಕದೆಂಬುದುಂಟೆಂದು ಸಾಧಿಸಿ ತೋರಿಸಿದವನು ಜರ್ಮನಿಯಲ್ಲಿ ಬಾಳಿದ ಗೆಯಾರ್ಗ್ ಕ್ಯಾಂಟರ್, ಕಾಲ 1874. ಮುಂದೆ 1891ರಲ್ಲಿ ಅವನೇ ಇನ್ನೂ ಸರಳವಾದ ಸಾಧನೆಯೊಂದನ್ನು ಕೊಟ್ಟನು.

ವಿರೂಪಾಕ್ಷನ ಗುಡಿಯೆದುರಿನ ಬೀದಿಯ ಮಂಟಪಗಳ ಸಾಲಿಗೆ ಕೊನೆಯೇ ಇಲ್ಲವೆಂದೂ, ಒಂದೊಂದರಲ್ಲಿ ಒಬ್ಬೊಬ್ಬ ಯಾತ್ರಿಕನು ತಂಗಿರುವನೆಂದೂ ಭಾವಿಸಿರಿ. ಹೊಸಬನೊಬ್ಬನು ಬಂದರೆ ಏನು ಮಾಡಬೇಕು? ಎಲ್ಲರೂ ಒಂದೊಂದು ಮಂಟಪ ಮುಂದಕ್ಕೆ ಸರಿದರಾಯಿತು, ಮೊದಲನೆಯದು ತೆರವಾಗುತ್ತದೆ. ಹಿಲ್ಬರ್ಟನೆಂಬ ಗಣಿತಜ್ಞನ ಹೆಸರಿನಲ್ಲಿ ಪ್ರಸಿದ್ಧವಾದ ದೃಷ್ಟಾಂತವಿದು. ‘ಅನಂತದ ಮೇಲೊಂದು’ ಎಂದವನು ಗೆಲ್ಲಲಿಲ್ಲವೆಂಬುದು ಇದರಿಂದ ಸ್ಪಷ್ಟ.

ಈಗ ಕಾರ್ತಿಕದ ಹಣತೆಗಳ ಕೊನೆಯಿಲ್ಲದ ಸಾಲೊಂದನ್ನು ಊಹಿಸಿರಿ. ಒಂದೊಂದು ಹಣತೆಯನ್ನೂ ಹಚ್ಚಬಹುದು, ಹಚ್ಚದೆ ಬಿಡಬಹುದು. ಹೀಗೆ ಆಗಬಹುದಾದ ಬಗೆಗಳನ್ನೆಲ್ಲ ಒಂದನೆಯದು, ಎರಡನೆಯದು, ಮೂರನೆಯದೆಂದು ಯಾರೋ ಪಟ್ಟಿ ಮಾಡಿ ತಂದರೆನ್ನಿ. ನಾವು ಬೇರೊಂದು ಸಾಲನ್ನು ಹೂಡೋಣ. ಅವರ ಒಂದನೆಯ ಬಗೆಯಲ್ಲಿ ಒಂದನೆಯ ಹಣತೆ ಉರಿಯುತ್ತಿದ್ದರೆ ನಮ್ಮದರಲ್ಲಿ ಅದನ್ನು ಆರಿಸೋಣ, ಆರಿದ್ದರೆ ಹಚ್ಚೋಣ. ಎರಡನೆಯ ಬಗೆಯ ಎರಡನೆಯ ಹಣತೆಗೂ, ಮೂರನೆಯದರ ಮೂರನೆಯದಕ್ಕೂ ಹೀಗೆಯೇ ಮಾಡುತ್ತ ಹೋಗೋಣ. ನಮ್ಮ ಸಾಲು ಪಟ್ಟಿಯಲ್ಲಿರುವ ಪ್ರತಿಯೊಂದಕ್ಕೂ ಕಡೆಯ ಪಕ್ಷ ಒಂದು ಹಣತೆಯಲ್ಲಿ ಭಿನ್ನವಾಗಿರುತ್ತದೆ. ಆದುದರಿಂದ ಅದು ಪಟ್ಟಿಯಲ್ಲಿಲ್ಲ. ಎಂತಹ ಪಟ್ಟಿಯನ್ನು ತಂದರೂ ಇದೇ ಗತಿ. ಎಣಿಸಲಾಗದ ಅನಂತವೆಂದರೆ ಇದು.

ಹಾಗಾದರೆ ಕಟ್ಟೆಯ ಮೇಲಿನ ಹುಡುಗನು ಗೆದ್ದನೆ? ಇಲ್ಲ. ದೊಡ್ಡದು ಯಾವುದರಲ್ಲಿ ಎಂದು ಅವನು ಕೇಳಿಕೊಳ್ಳಲಿಲ್ಲ. ಒಂದು ಗೇಣುದ್ದದ ಗೆರೆಯಲ್ಲಿ ಎಣಿಸಲಾಗದಷ್ಟು ಬಿಂದುಗಳಿವೆ. ಕೂಡಲಿಯಲ್ಲಿ ಹುಟ್ಟಿ ಕೃಷ್ಣೆಯನ್ನು ಸೇರುವ ತುಂಗಭದ್ರೆಯಷ್ಟು ಉದ್ದದ ಗೆರೆಯಲ್ಲಿಯೂ ಇರುವುದು ಅಷ್ಟೇ ಬಿಂದುಗಳು. ಒಂದಕ್ಕೊಂದು ಸರಿಹೊಂದಿಸಿ ತೋರಿಸಬಹುದು. ಆದರೆ ಗೇಣು ಗೇಣೇ, ಹೊಳೆ ಹೊಳೆಯೇ. ಕ್ಯಾಂಟರನು ಅಳೆದದ್ದು ಗುಂಪಿನ ಎಣಿಕೆಯನ್ನು. ಉದ್ದವನ್ನಲ್ಲ, ತೂಕವನ್ನಲ್ಲ, ತೋಳಿನ ಬಲವನ್ನಂತೂ ಅಲ್ಲವೇ ಅಲ್ಲ.

ಇನ್ನು ವಾಲಿಯ ವಿಚಾರ. ಎದುರಿಗೆ ನಿಂತವನ ಅರ್ಧ ಬಲ ಅವನಿಗೆ ಸೇರುತ್ತಿತ್ತೆಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ರಾಮನು ಮರೆಯಲ್ಲಿ ನಿಂತು ಬಾಣ ಬಿಟ್ಟುದಕ್ಕೆ ಅದೇ ಕಾರಣವೆನ್ನುತ್ತಾರೆ. ರಾಮನ ಬಲ ಅನಂತವೆಂದು ಹಿಡಿಯಿರಿ. ಒಂದು, ಎರಡು, ಮೂರು ಎಂಬ ಸಂಖ್ಯೆಗಳಿಂದ ಸಮಸಂಖ್ಯೆಗಳನ್ನೆಲ್ಲ ಕಿತ್ತುಕೊಂಡರೂ ಬೆಸಸಂಖ್ಯೆಗಳು ಅನಂತವಾಗಿಯೇ ಉಳಿಯುತ್ತವೆ. ಗೆರೆಯನ್ನು ಅರ್ಧ ಮಾಡಿದರೂ ಬಿಂದುಗಳು ಅಷ್ಟೇ. ಅನಂತದಲ್ಲಿ ಅರ್ಧ ಹೋದರೆ ರಾಮನಿಗೆ ನಷ್ಟವೇ ಇಲ್ಲ. ಮರೆಯಲ್ಲಿ ನಿಲ್ಲಬೇಕಾದ ಅಗತ್ಯವೂ ಇಲ್ಲ. ಆಗ ಬಾಣ ತಗಲಿದ ವಾಲಿ ರಾಮನನ್ನು ಕೇಳುವ ಪ್ರಶ್ನೆಗಳೇ ಹುಟ್ಟುವುದಿಲ್ಲ. ರಾಮಾಯಣದ ಅತ್ಯಂತ ಕಷ್ಟದ ಪ್ರಸಂಗವೊಂದು ಬರಿದಾಗುತ್ತದೆ. ರಾಮನಿಗೆ ಅಲ್ಲಿ ಮನುಷ್ಯನ ಮಿತಿ ಇರಲೇಬೇಕು.

ಬಲವು ಒಂದೇ ಏಣಿಯ ಮೆಟ್ಟಿಲುಗಳಲ್ಲವೆಂಬುದಕ್ಕೂ ನಮ್ಮ ಬೆಟ್ಟಗಳೇ ಸಾಕ್ಷಿ. ರಾವಣನನ್ನೇ ಕಂಕುಳಲ್ಲಿ ಇರುಕಿಕೊಂಡ ವಾಲಿ ಮುನಿಯ ಶಾಪಕ್ಕೆ ಅಂಜಿ ಮತಂಗಪರ್ವತವನ್ನು ಹತ್ತಲಾರದೆ ಹೋದನು; ಸೋತು ಓಡಿದ ಸುಗ್ರೀವನು ಅಲ್ಲಿ ನಿರ್ಭಯನಾಗಿದ್ದನು. ಸಂಡೂರಿನ ಬೆಟ್ಟದಲ್ಲಿ ನೆಲೆಸಿರುವ ಕುಮಾರಸ್ವಾಮಿ ತಾರಕನನ್ನು ಕೊಂದದ್ದು ಹೆಚ್ಚು ಬಲವಿದ್ದುದರಿಂದ ಎನ್ನುವುದಕ್ಕಿಂತ ಶಿವನ ಮಗನಾದುದರಿಂದ. ತಾರಕನ ವರ ಹಾಗಿತ್ತು.

ಕಂಪ್ಲಿಯ ಕುಮಾರರಾಮನನ್ನು ಈ ಸಾಲಿನಲ್ಲಿ ಎಲ್ಲಿ ನಿಲ್ಲಿಸೋಣ? ಅವನ ತಂದೆ ಕಂಪಿಲರಾಯನ ರಾಜ್ಯವು 1327ರ ಸುಮಾರಿಗೆ ದೆಹಲಿಯ ಮಹಮ್ಮದ್ ಬಿನ್ ತುಘಲಕನ ಸೇನೆಗೆ ಬಿದ್ದಿತು. ಕುಮಾರರಾಮನು ಹೋರಾಡಿ ಮಡಿದ ಮನುಷ್ಯ. ಕಟ್ಟೆಯ ಲೆಕ್ಕದಲ್ಲಿ ವಾಲಿಯ ಮುಂದೆ ಕ್ಷಣಕಾಲವೂ ನಿಲ್ಲಲಾರನು. ಆದರೂ ನಂಜುಂಡ ಕವಿ ಅವನ ಕಥೆಯನ್ನು ಸಾಂಗತ್ಯದಲ್ಲಿ ಹಾಡಿದನು. ಜನರು ಅವನನ್ನು ಪರನಾರೀಸಹೋದರನೆಂದು ಕರೆದರು. ಮಲತಾಯಿ ರತ್ನಾಜಿಯ ಮೋಹಕ್ಕೆ ಒಳಗಾಗದೆ, ತಂದೆಯಿಂದ ಮರಣದಂಡನೆಯ ಆಜ್ಞೆ ಹೊರಟರೂ ಅವನು ಕದಲಲಿಲ್ಲ. ಎದುರಾಳಿಯ ಅರ್ಧ ಬಲವನ್ನು ಸೆಳೆದುಕೊಳ್ಳಬಲ್ಲ ವಾಲಿಯಾದರೋ ತಮ್ಮನ ಮಡದಿ ರುಮೆಯನ್ನು ಕಸಿದುಕೊಂಡವನು.