ಕಾವೇರಿದ ಬ್ರೇಕು

ಏರುವುದು ಕಷ್ಟ, ಇಳಿಯುವುದು ಸುಲಭವೆಂದು ಲೋಕ ಹೇಳುತ್ತದೆ. ಮೋಟಾರು ಕಾರಿನ ಮಟ್ಟಿಗೆ ಈ ಮಾತು ಅರ್ಧ ಮಾತ್ರ ನಿಜ. ಆಗುಂಬೆಯನ್ನೋ ಚಾರ್ಮಾಡಿಯನ್ನೋ ಏರುವಾಗ ಶ್ರಮಪಡುವುದು ಎಂಜಿನ್ನು. ಅದು ಸೋತರೆ ಕಾರು ನಿಲ್ಲುತ್ತದೆ, ಅಷ್ಟೆ. ಇಳಿಯುವಾಗ ಶ್ರಮಪಡುವುದು ಬ್ರೇಕು. ಅದು ಸೋತರೆ ಕಾರು ನಿಲ್ಲುವುದೇ ಇಲ್ಲ! ರಜೆ ಬಂದೊಡನೆ ಮಡದಿ ಮಕ್ಕಳು, ಗಂಟುಮೂಟೆಗಳೊಡನೆ ಉಡುಪಿ, ಧರ್ಮಸ್ಥಳಗಳ ಕಡೆಗೆ ಹೊರಡುವ ಗೃಹಸ್ಥರು ಈ ವ್ಯತ್ಯಾಸವನ್ನು ಮನಗಂಡಿರುವುದು ಒಳ್ಳೆಯದು.

ಬ್ರೇಕು ವೇಗವನ್ನು ನುಂಗಿಹಾಕುತ್ತದೆಂದು ಹಲವರ ಭಾವನೆ. ವಾಸ್ತವವಾಗಿ ಅದು ಏನನ್ನೂ ನುಂಗುವುದಿಲ್ಲ. ಚಲನೆಯ ಶಕ್ತಿಯನ್ನು ಉಷ್ಣವಾಗಿ ಮಾರ್ಪಡಿಸುತ್ತದೆ. ಒಂದು ಟನ್ ತೂಕದ ಕಾರು ಗಂಟೆಗೆ 90 ಕಿ.ಮೀ. ವೇಗದಲ್ಲಿ ಬಂದು ಒಮ್ಮೆ ನಿಂತಿತೆನ್ನಿ. ಆಗ ಹುಟ್ಟುವ ಕಾವು ಒಂದು ಲೀಟರು ತಣ್ಣೀರನ್ನು ಕುದಿಯುವ ಹದಕ್ಕೆ ತರಬಲ್ಲುದು. ಅದೇ ಕಾರು ಬ್ರೇಕೊಂದನ್ನೇ ನಂಬಿ 500 ಮೀಟರು ಎತ್ತರದಿಂದ ಕೆಳಗಿಳಿದರೆ, ಹುಟ್ಟುವ ಕಾವು ಸುಮಾರು 15 ಲೀಟರು ನೀರಿಗೆ ಸಾಕು. ಗಾಳಿಯ ತಡೆ, ರಸ್ತೆಯ ತಡೆಗಳು ಸ್ವಲ್ಪ ಪಾಲನ್ನು ಹೊತ್ತರೂ ಉಳಿದುದೆಲ್ಲ ನಾಲ್ಕು ಗಾಲಿಗಳ ಒಳಗೇ ಸೇರಬೇಕು. ಬಚ್ಚಲ ಒಲೆಯನ್ನು ಉರಿಸಿದವರಿಗೆ ಈ ಲೆಕ್ಕ ಚೆನ್ನಾಗಿ ಅರ್ಥವಾದೀತು.

ಕಾವು ಮಿತಿಮೀರಿದಾಗ ಬ್ರೇಕು ಎರಡು ಬಗೆಯಲ್ಲಿ ಕೈಕೊಡುತ್ತದೆ. ಮೊದಲನೆಯ ಬಗೆಯಲ್ಲಿ ಪೆಡಲು ಎಂದಿನಂತೆ ಗಟ್ಟಿಯಾಗಿಯೇ ಇರುತ್ತದೆ. ಆದರೆ ಎಷ್ಟು ಒತ್ತಿದರೂ ಕಾರು ತಗ್ಗುವುದಿಲ್ಲ. ಪ್ಯಾಡುಗಳು ಅತಿಯಾಗಿ ಕಾದು ಹಿಡಿತ ಕಳೆದುಕೊಂಡಿರುವುದರ ಗುರುತಿದು. ಸುಟ್ಟ ವಾಸನೆಯೂ ಬರುವುದುಂಟು. ಎರಡನೆಯದು ಇದಕ್ಕಿಂತ ಭಯಂಕರ. ಪೆಡಲು ಮೆತ್ತಗಾಗಿ ತಳಕ್ಕೆ ಇಳಿದುಬಿಡುತ್ತದೆ. ಕಾಲಿನ ಒತ್ತಡವನ್ನು ಗಾಲಿಗೆ ಒಯ್ಯುವ ಬ್ರೇಕ್ ಆಯಿಲು ಕುದಿದು ಆವಿಯಾಗಿದೆಯೆಂದು ಅರ್ಥ. ದ್ರವ ಅದುಮಿದರೆ ಕುಗ್ಗದು, ಆವಿ ಕುಗ್ಗುತ್ತದೆ. ಕಾಲಿನ ಬಲವೆಲ್ಲ ಗುಳ್ಳೆಗಳನ್ನು ಅದುಮುವುದರಲ್ಲೇ ವ್ಯರ್ಥವಾಗುತ್ತದೆ.

ಆದಕಾರಣ ಬ್ರೇಕನ್ನು ಉತ್ತಮಪಡಿಸಬೇಕೆನ್ನುವವರು ಮೊದಲು ಗಮನಿಸಬೇಕಾದುದು ದುಬಾರಿ ಡಿಸ್ಕನ್ನಲ್ಲ, ಅಗ್ಗದ ಆಯಿಲನ್ನು. ಈ ಆಯಿಲಿಗೆ ಗಾಳಿಯ ತೇವವನ್ನು ಹೀರುವ ಗುಣವುಂಟು. ಡಾಟ್ 3 ದರ್ಜೆಯ ಹೊಸ ಆಯಿಲು ಕನಿಷ್ಠ 205 ಡಿಗ್ರಿ ಸೆಂಟಿಗ್ರೇಡಿನವರೆಗೆ ಕುದಿಯದೆ ನಿಲ್ಲಬೇಕೆಂದು ನಿಯಮ. ತೇವ ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155, ಡಾಟ್ 5.1ಕ್ಕೆ 260 ಮತ್ತು 180. ತಯಾರಕರು ಒಪ್ಪಿದ ಮೇಲಿನ ದರ್ಜೆಯನ್ನು ಆರಿಸಿ, ಸುಮಾರು ಎರಡು ವರ್ಷಕ್ಕೊಮ್ಮೆ ಪೂರ್ತಿಯಾಗಿ ಬದಲಾಯಿಸುವುದು ಜಾಣತನ. ಡಾಟ್ 5 ಎಂಬುದು ಮಾತ್ರ ಸಿಲಿಕೋನಿನಿಂದಾದುದು. ಹೆಸರು ಹತ್ತಿರವಾದರೂ ಜಾತಿ ಬೇರೆ. ಅದನ್ನು ಉಳಿದವುಗಳೊಡನೆ ಬೆರೆಸಲಾಗದು.

ಎರಡನೆಯ ಸರದಿ ಪ್ಯಾಡುಗಳದು. ಹೆಚ್ಚು ಕಾವನ್ನು ತಾಳುವ ಪ್ಯಾಡುಗಳು ದೊರೆಯುತ್ತವೆ. ಆದರೆ ಪಂದ್ಯದ ಕಾರಿನ ಪ್ಯಾಡು ನಿಮ್ಮ ಕಾರಿಗೆ ಸಲ್ಲದು. ಅದು ಕಾದ ಮೇಲಷ್ಟೆ ಚೆನ್ನಾಗಿ ಹಿಡಿಯುತ್ತದೆ. ಬೆಳಗ್ಗೆ ಮನೆಯಿಂದ ಹೊರಟೊಡನೆ ಅಡ್ಡಬಂದ ಹಸುವನ್ನು ಕಂಡು ಒತ್ತಿದರೆ, ತಣ್ಣಗಿರುವ ಪ್ಯಾಡು ಮೊಂಡುಬಿದ್ದೀತು!

ಡಿಸ್ಕಿನ ಮಾತು ಕಡೆಯದು. ನಮ್ಮ ರಸ್ತೆಗಳನ್ನು ಬಹುಕಾಲ ಆಳಿದ ಅಂಬಾಸಡರ್, ಫಿಯೆಟ್ ಕಾರುಗಳ ಮೊದಲ ಮಾದರಿಗಳಲ್ಲಿ ನಾಲ್ಕು ಗಾಲಿಗಳಿಗೂ ಡ್ರಂ ಬ್ರೇಕುಗಳಿದ್ದುವು. ಡ್ರಂ ಎಂಬುದು ಮುಚ್ಚಿದ ಪಾತ್ರೆಯಿದ್ದಂತೆ. ಒಳಗಿನ ಕಾವು ಸುಲಭವಾಗಿ ಹೊರಬೀಳದು. ಮೇಲಾಗಿ, ಕಾದ ಡ್ರಂ ಹಿಗ್ಗಿ ಒಳಗಿನ ಶೂಗಳಿಂದ ದೂರ ಸರಿಯುತ್ತದೆ. ಡಿಸ್ಕಾದರೋ ಬಯಲಿನಲ್ಲಿ ತಿರುಗುತ್ತ ಗಾಳಿಗೆ ಮೈಯೊಡ್ಡಿರುತ್ತದೆ. ಇಂಗ್ಲೆಂಡಿನ ಲ್ಯಾಂಚೆಸ್ಟರ್ 1902ರಲ್ಲೇ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಿದ್ದರೂ ಲೋಕದ ಕಣ್ಣು ತೆರೆದುದು 1953ರಲ್ಲಿ. ಆ ವರ್ಷ ಫ್ರಾನ್ಸಿನ ಲ ಮಾನ್ಸ್‌ನಲ್ಲಿ ನಡೆದ 24 ಗಂಟೆಗಳ ಪಂದ್ಯವನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಗೆದ್ದಿತು. ಗಂಟೆಗಟ್ಟಲೆ ಕಾದರೂ ಸೋಲದ ಬ್ರೇಕು ಎಂಜಿನ್ನಿನಷ್ಟೇ ಬೆಲೆಯುಳ್ಳದ್ದೆಂದು ಅಂದು ಮನವರಿಕೆಯಾಯಿತು. 1955ರಲ್ಲಿ ಸಿಟ್ರೊಯೆನ್ ಡಿ.ಎಸ್. ಕಾರಿನ ಮುಂದಿನ ಗಾಲಿಗಳಿಗೂ ಡಿಸ್ಕ್ ಬಂದಿತು.

ಇಂದು ಎರಡು ತಟ್ಟೆಗಳ ನಡುವೆ ಗಾಳಿ ಹಾಯುವಂತೆ ಎರಕಹೊಯ್ದ ಡಿಸ್ಕುಗಳು ಸಾಮಾನ್ಯವಾಗಿವೆ. ಗಾಲಿ ತಿರುಗಿದಂತೆ ಡಿಸ್ಕೇ ಬೀಸಣಿಗೆಯಾಗಿ ತನ್ನ ಕಾವನ್ನು ಹೊರಗೆಸೆಯುತ್ತದೆ. ನಿಮ್ಮ ಮಾದರಿಯದೇ ದೊಡ್ಡ ಎಂಜಿನ್ನಿನ ಕಾರಿಗೆ ತಯಾರಕರೇ ಇಂತಹ ಡಿಸ್ಕು ಕೊಟ್ಟಿದ್ದರೆ, ಅದು ನಿಮ್ಮ ಕಾರಿಗೂ ಹೊಂದುವುದೇ ಎಂದು ವಿಚಾರಿಸಬಹುದು. ನೋಟಕ್ಕೆ ಮರುಳಾಗಿ ತೂತು ಕೊರೆದ ಡಿಸ್ಕು ಕೊಳ್ಳುವುದು ಬೇಡ. ತೂತಿನ ಅಂಚಿನಿಂದ ಬಿರುಕು ಹುಟ್ಟುವುದುಂಟು. ಮುಂದಿನ ಬ್ರೇಕನ್ನಷ್ಟೆ ಮನಬಂದಂತೆ ಹಿರಿದುಮಾಡಿದರೆ ಹಿಂದುಮುಂದಿನ ಸಮತೋಲ ಕೆಡುತ್ತದೆಂಬುದೂ ನೆನಪಿರಲಿ.

ಇಷ್ಟೆಲ್ಲ ಮಾಡಿದರೂ ಒಂದು ಕೆಲಸ ಉಳಿದೇ ಇರುತ್ತದೆ. ಅದಕ್ಕೆ ಕಾಸೂ ಬೇಡ. ಏರಲು ಬೇಕಾಗುವ ಗೇರಿನಲ್ಲೇ ಇಳಿಯಿರೆಂಬುದು ಹಳೆಯ ಚಾಲಕರ ಸೂತ್ರ. ಕೆಳಗಿನ ಗೇರಿನಲ್ಲಿ ಎಂಜಿನ್ನೇ ಕಾರನ್ನು ಹಿಂದಕ್ಕೆಳೆದು ಹಿಡಿಯುವುದರಿಂದ ಬ್ರೇಕಿನ ಪಾಲಿನ ಕಾವು ಬಹಳಷ್ಟು ಇಳಿಯುತ್ತದೆ. ಪೆಟ್ರೋಲು ಉಳಿಸಲೆಂದು ನ್ಯೂಟ್ರಲಿನಲ್ಲಿ ಜಾರುವವರು ಈ ನೆರವನ್ನು ತಾವಾಗಿಯೇ ಕಳೆದುಕೊಳ್ಳುತ್ತಾರೆ. ಇಂಧನವನ್ನು ಚಿಮ್ಮಿಸುವ ಇಂದಿನ ಎಂಜಿನ್ನುಗಳಲ್ಲಿ, ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಮಾನ್ಯವಾಗಿ ಇಂಧನವೇ ನಿಲ್ಲುತ್ತದೆ. ಹೀಗಾಗಿ ಆ ಉಳಿತಾಯವೂ ಭ್ರಮೆ. ಎಂಜಿನ್ನನ್ನೇ ಆರಿಸಿದರಂತೂ ಬ್ರೇಕಿಗೆ ಬಲ ಕೊಡುವ ಬೂಸ್ಟರು ಕೆಲವೇ ಒತ್ತುಗಳಲ್ಲಿ ಬರಿದಾಗುತ್ತದೆ.

ಪೆಡಲಿನ ಮೇಲೆ ಸದಾ ಕಾಲಿಟ್ಟಿರುವುದಕ್ಕಿಂತ, ತಿರುವಿಗೆ ಮುಂಚೆ ದೃಢವಾಗಿ ಒತ್ತಿ ಬಿಡುವುದು ಮೇಲು. ನಡುವೆ ಬ್ರೇಕು ಉಸಿರಾಡುತ್ತದೆ. ಸುಟ್ಟ ವಾಸನೆ ಬಂದರೆ ಸುರಕ್ಷಿತವಾದ ಎಡೆಯಲ್ಲಿ ನಿಲ್ಲಿಸಿ, ತಾನಾಗಿ ಆರಲು ಬಿಡಿ. ಕಾದ ಡಿಸ್ಕಿಗೆ ನೀರು ಸುರಿಯಬೇಡಿ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಅರ್ಧ ಗಂಟೆ ತಡವಾದರೆ ನಷ್ಟವೇನೂ ಇಲ್ಲ. ಕಾರಿನಲ್ಲಿ ಕುಳಿತವರು ಕ್ಷೇಮವಾಗಿ ಕೆಳಗೆ ತಲುಪಿದರೆ ಸಾಕು.