ಶಿಖರದ ಕೀರ್ತಿ, ಕಣಿವೆಯ ಶೋಕ

ಹಿಮಾಲಯದಲ್ಲಿ ಪ್ರತಿ ವಸಂತದಲ್ಲಿಯೂ ಎರಡು ಬಗೆಯ ಲೆಕ್ಕ ನಡೆಯುತ್ತದೆ. ಎವರೆಸ್ಟಿನ ನೆತ್ತಿಯನ್ನು ಮುಟ್ಟಿ ಬಂದವರೆಷ್ಟು ಮಂದಿ ಎಂಬುದು ಮೊದಲನೆಯದು. ಅದು ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಹೋದವರಲ್ಲಿ ಮನೆಗೆ ಮರಳಿದವರೆಷ್ಟು ಮಂದಿ ಎಂಬುದು ಎರಡನೆಯದು. ಅದು ನೇಪಾಳದ ಖುಂಬು ಕಣಿವೆಯ ಮನೆಮನೆಯಲ್ಲಿ ಸದ್ದಿಲ್ಲದೆ ನಡೆಯುತ್ತದೆ. 2014ರ ಏಪ್ರಿಲ್ 18ರಂದು ಈ ಎರಡನೆಯ ಲೆಕ್ಕವೂ ಜಗತ್ತಿನ ಕಣ್ಣಿಗೆ ಬಿದ್ದಿತು.

ಎವರೆಸ್ಟಿನ ಬುಡದ ಶಿಬಿರವನ್ನು ಬಿಟ್ಟು ಮೇಲೇರುವವರು ಮೊದಲು ದಾಟಬೇಕಾದುದು ಖುಂಬು ಹಿಮಪ್ರಪಾತವನ್ನು. ಅದು ಹೆಪ್ಪುಗಟ್ಟಿದ ನದಿ. ಆದರೆ ನಿಂತ ನದಿಯಲ್ಲ. ದಿನಕ್ಕೆ ಸುಮಾರು ಒಂದು ಮೀಟರಿನಷ್ಟು ಅದು ಕೆಳಕ್ಕೆ ಜಾರುತ್ತಲೇ ಇರುತ್ತದೆ. ನಿನ್ನೆ ಇದ್ದ ದಾರಿ ಇಂದು ಇರುವುದಿಲ್ಲ. ಬಾಯ್ದೆರೆದ ಬಿರುಕುಗಳ ಮೇಲೆ ಅಲ್ಯೂಮಿನಿಯಂ ಏಣಿಗಳನ್ನು ಹಾಸಿ ನಡೆಯಬೇಕು. ಆ ದಿನ ಬೆಳಗಿನ ಹೊತ್ತು, ಪರ್ವತದ ಪಶ್ಚಿಮ ಭುಜದಿಂದ ಮಂಜಿನ ಬೃಹತ್ ರಾಶಿಯೊಂದು ಕಳಚಿ ಈ ದಾರಿಯ ಮೇಲೆ ಬಿದ್ದಿತು. ಸತ್ತವರು 16 ಮಂದಿ. ಎಲ್ಲರೂ ನೇಪಾಳಿಗಳು, ಬಹುಪಾಲು ಶೇರ್ಪಾಗಳು. 13 ಶವಗಳು ದೊರೆತವು. ಮೂವರು ಹಿಮದಲ್ಲಿಯೇ ಉಳಿದರು. ಹೊರದೇಶದ ಆರೋಹಿಗಳಲ್ಲಿ ಒಬ್ಬರೂ ಸಾಯಲಿಲ್ಲ.

ಇದು ಕೇವಲ ದೈವಯೋಗವೆ? ಹಾಗೆ ಹೇಳಿ ಸುಮ್ಮನಾಗುವುದು ಸುಲಭ. ಮಂಜು ಯಾವ ಕ್ಷಣದಲ್ಲಿ ಕಳಚೀತೆಂಬುದನ್ನು ಯಾರೂ ಅರಿಯರು, ನಿಜ. ಆದರೆ ಆ ಕ್ಷಣದಲ್ಲಿ ಅದರ ಕೆಳಗೆ ಯಾರಿದ್ದರು ಎಂಬುದು ದೈವ ಗೊತ್ತುಮಾಡಿದ ಸಂಗತಿಯಲ್ಲ. ಹಣ ತೆತ್ತು ಬಂದ ಆರೋಹಿ ಇಡೀ ಋತುವಿನಲ್ಲಿ ಕೆಲವೇ ಸಲ ಈ ದಾರಿಯನ್ನು ತುಳಿಯುತ್ತಾನೆ. ಆತನ ಡೇರೆ, ಹಗ್ಗ, ಆಹಾರ, ಆಮ್ಲಜನಕದ ಸಿಲಿಂಡರು ಇವೆಲ್ಲವನ್ನೂ ಮೇಲಿನ ಶಿಬಿರಗಳಿಗೆ ಸಾಗಿಸುವ ಶೇರ್ಪಾ ಅದರ ಎಷ್ಟೋ ಪಟ್ಟು ತುಳಿಯುತ್ತಾನೆ. ಅಪಾಯವನ್ನು ಹಂಚಿದವನು ಮನುಷ್ಯ. ಪರ್ವತ ಅದನ್ನು ಜಾರಿಗೆ ತಂದಿತು, ಅಷ್ಟೆ.

ಈ ಹಂಚಿಕೆ ಹೊಸದೂ ಅಲ್ಲ. 1922ರ ಜೂನ್ 7ರಂದು, ಬ್ರಿಟಿಷರ ಎರಡನೆಯ ಎವರೆಸ್ಟ್ ಯಾತ್ರೆಯಲ್ಲಿ, ಉತ್ತರದ ಪಾರ್ಶ್ವದಲ್ಲಿ ಹಿಮ ಕುಸಿದು ಏಳು ಮಂದಿ ಹೊರೆಯಾಳುಗಳು ಸತ್ತರು. ಅವರನ್ನು ಕರೆದೊಯ್ದಿದ್ದ ಬಿಳಿಯರೆಲ್ಲ ಬದುಕಿ ಬಂದರು. 1953ರಲ್ಲಿ ತೇನ್‌ಸಿಂಗ್ ಮತ್ತು ಹಿಲರಿ ತುದಿ ಮುಟ್ಟಿದಾಗ, ಮೊದಲು ಕಾಲಿಟ್ಟವನು ಯಾರು ಎಂಬ ವಾಗ್ವಾದ ಲೋಕದಲ್ಲೆಲ್ಲ ಎದ್ದಿತು. ಆ ಯಾತ್ರೆಯ ಸಾಮಾನನ್ನು ಬೆನ್ನ ಮೇಲೆ ಹೊತ್ತು ನಡೆದ ಮುನ್ನೂರಕ್ಕೂ ಮಿಕ್ಕ ಜನರ ವಿಷಯದಲ್ಲಿ ವಾಗ್ವಾದವೇನೂ ಏಳಲಿಲ್ಲ.

ಶೇರ್ಪಾ ಎಂಬುದು ಮೂಲತಃ ಒಂದು ಜನದ ಹೆಸರು. ಪೂರ್ವದಿಕ್ಕಿನವರು ಎಂದು ಅದರ ಅರ್ಥ. ಶತಮಾನಗಳ ಹಿಂದೆ ಟಿಬೆಟ್ಟಿನಿಂದ ಬಂದು ಎವರೆಸ್ಟಿನ ತಪ್ಪಲಿನಲ್ಲಿ ನೆಲೆಸಿ, ಯಾಕ್‌ಗಳನ್ನು ಸಾಕಿ, ಆಲೂಗೆಡ್ಡೆ ಬೆಳೆದು, ಗಡಿಯಾಚೆಯೊಡನೆ ವ್ಯಾಪಾರ ನಡೆಸಿ ಬಾಳಿದವರು ಇವರು. ಶಿಖರ ಹತ್ತುವ ಹಂಬಲ ಹೊರಗಿನಿಂದ ಬಂದುದು. ಅದರೊಡನೆ ಜನದ ಹೆಸರು ಕಸುಬಿನ ಹೆಸರಾಗಿ ಮಾರ್ಪಟ್ಟಿತು. 2023ರ ಜುಲೈ ತಿಂಗಳಿನಲ್ಲಿ ನಮ್ಮ ಹಂಪೆಯಲ್ಲಿ ಜಿ-20 ರಾಷ್ಟ್ರಗಳ ‘ಶೇರ್ಪಾ’ಗಳ ಸಭೆ ಸೇರಿತು. ನಾಯಕರು ಶಿಖರ ಸಮ್ಮೇಳನಕ್ಕೆ ಬರುವ ಮುನ್ನ ಅವರ ಪರವಾಗಿ ಮಾತುಕತೆಯ ಹಾದಿಯನ್ನು ಸಮಮಾಡುವ ರಾಜತಂತ್ರಜ್ಞರಿಗೆ ಈಗ ಆ ಹೆಸರು. ಹೆಸರಿಗೆ ಇಷ್ಟು ಮನ್ನಣೆ ಸಂದಿದೆ. ಹೆಸರಿನ ಒಡೆಯರಿಗೆ ಸಂದಿದೆಯೆ?

ಈ ಜನಕ್ಕೆ ಎವರೆಸ್ಟ್ ಎಂಬುದು ಚೋಮೋಲುಂಗ್ಮಾ, ದೇವಿಯ ನೆಲೆ. ಬುಡದ ಶಿಬಿರದಲ್ಲಿ ಲಾಮಾ ಪೂಜೆ ನಡೆಸಿ, ಜೂನಿಪರ್ ಎಲೆಯ ಧೂಪವೆತ್ತಿ, ದೇವಿಯ ಮೈಮೇಲೆ ಕಾಲಿಡುವುದಕ್ಕೆ ಅಪ್ಪಣೆ ಬೇಡಿದಲ್ಲದೆ ಅವರು ಮೇಲೇರುವುದಿಲ್ಲ. ಸತ್ತವನಿಗೆ 49 ದಿನಗಳ ಕಾಲ ಕರ್ಮಗಳು ನಡೆಯಬೇಕು. ಬೆಣ್ಣೆಯ ದೀಪಗಳು ಉರಿಯಬೇಕು. ದೇಹವೇ ದೊರೆಯದ ಮನೆಯಲ್ಲಿ ಏನನ್ನು ದಹಿಸುವುದು? ಮೂರು ಮನೆಗಳವರ ದುಃಖಕ್ಕೆ ಬೂದಿಯ ಆಸರೆ ಕೂಡ ಉಳಿಯಲಿಲ್ಲ. ಏಪ್ರಿಲ್ 21ರಂದು ಕಾಠ್ಮಂಡುವಿನ ಬೀದಿಗಳಲ್ಲಿ ಶವಯಾತ್ರೆ ಸಾಗಿದಾಗ, ಅದರಲ್ಲಿ ನಡೆದವರ ಎದೆಯಲ್ಲಿ ದುಃಖದೊಡನೆ ಕೋಪವೂ ಇದ್ದಿತು.

ಕೋಪಕ್ಕೆ ಕಾರಣವಿದ್ದಿತು. ಸತ್ತವರ ಕುಟುಂಬಗಳಿಗೆ ಸರ್ಕಾರ ಮೊದಲು ಪ್ರಕಟಿಸಿದ ತುರ್ತುಪರಿಹಾರ 40,000 ನೇಪಾಳಿ ರೂಪಾಯಿ. ಎವರೆಸ್ಟಿನ ಪರವಾನಗಿಗಳಿಂದ ಅದೇ ಸರ್ಕಾರಕ್ಕೆ ವರ್ಷಕ್ಕೆ ಬರುತ್ತಿದ್ದುದು 30 ಲಕ್ಷ ಡಾಲರಿನ ಆಸುಪಾಸು. ಶೇರ್ಪಾಗಳು ತಮ್ಮ ಬೇಡಿಕೆಗಳನ್ನು ಮುಂದಿಟ್ಟರು. ಆ ವರ್ಷ ದಕ್ಷಿಣದ ಕಡೆಯಿಂದ ಯಾತ್ರೆಗಳು ಬಹುಮಟ್ಟಿಗೆ ನಿಂತೇಹೋದವು. ಸಾವನ್ನು ಚೌಕಾಶಿಗೆ ಬಳಸುತ್ತಿದ್ದಾರೆಂದು ದೂರಿದವರೂ ಉಂಟು. ಈ ಆಕ್ಷೇಪ ಸರಿಯಲ್ಲ. ಶೋಕವೆಂದರೆ ಕಣ್ಣೀರೊಂದೇ ಅಲ್ಲ. ಸತ್ತವನ ಬೆಲೆ ಇಷ್ಟೇ ಅಲ್ಲ ಎಂದು ಹೇಳುವುದೂ ಶೋಕದ ಒಂದು ರೀತಿಯೇ. ಸತ್ತವರು ಇನ್ನೂ ಮಂಜಿನಲ್ಲಿರುವಾಗ ಅವರ ಮೇಲೆ ಹೆಜ್ಜೆಯಿಟ್ಟು ನಡೆಯಲಾರೆವೆಂದ ಜನ ಕೂಲಿಯ ಲೆಕ್ಕವನ್ನಷ್ಟೇ ಹಾಕುತ್ತಿದ್ದರೆಂದು ಯಾರು ಹೇಳಬಲ್ಲರು?

ಹಾಗಾದರೆ ಪರ್ವತವನ್ನು ಮುಚ್ಚಿಬಿಡಬೇಕೆ? ದೂರದ ಬೆಟ್ಟ ನುಣ್ಣಗೆ ಎಂಬಂತೆ, ನಗರದಲ್ಲಿರುವ ನಮಗೆ ಈ ಪರಿಹಾರವೂ ನುಣ್ಣಗೆ ಕಾಣುತ್ತದೆ. ಖುಂಬುವಿನವರು ಅದನ್ನು ಕೇಳಲಿಲ್ಲ. ಎರಡು ಮೂರು ತಿಂಗಳ ದುಡಿಮೆಯಲ್ಲಿ ಅನುಭವಿಯಾದ ಶೇರ್ಪಾ ಗಳಿಸುವ ಹಣ, ಸಾಮಾನ್ಯ ನೇಪಾಳಿಯ ಇಡೀ ವರ್ಷದ ಆದಾಯದ ಹಲವು ಪಟ್ಟು. ಮಕ್ಕಳ ಓದು, ಮನೆಯ ಮಾಡು, ಸಾಲದ ತೀರುವಳಿ ಎಲ್ಲವೂ ಅದರಿಂದಲೇ. ಕುಶಲತೆಯ ಹೆಮ್ಮೆಯೂ ಅವರಿಗುಂಟು: ಥಾಮೆ ಎಂಬ ಪುಟ್ಟ ಊರಿನ ಕಾಮಿ ರೀತಾ 2025ರ ಮೇ ತಿಂಗಳಿನಲ್ಲಿ 31ನೆಯ ಬಾರಿ ಎವರೆಸ್ಟನ್ನು ಏರಿದರು. ಅದೇ ಊರಿನ ಆಪಾ ಶೇರ್ಪಾ 21 ಬಾರಿ ಏರಿದವರು; ಮುಂದಿನ ಪೀಳಿಗೆಗೆ ಬೇರೆ ದಾರಿಯೂ ಇರಲೆಂದು ಶಿಕ್ಷಣಕ್ಕಾಗಿ ಸಂಸ್ಥೆಯನ್ನು ಕಟ್ಟಿದರು. ಒಂದೇ ಊರಿನ ಈ ಇಬ್ಬರ ಬಾಳಿನಲ್ಲಿ ಆ ಜನದ ಇಕ್ಕಟ್ಟೆಲ್ಲ ಅಡಗಿದೆ. ಅನ್ನ ಕೊಡುವ ಪರ್ವತವೇ ಮಗನನ್ನು ಕೇಳುತ್ತದೆ. ಅದಕ್ಕೆ ಬೆನ್ನು ತಿರುಗಿಸುವ ಸ್ವಾತಂತ್ರ್ಯ ದೊರೆತ ಮೇಲೆಯೇ ಅದನ್ನು ಏರುವುದು ನಿಜವಾದ ಆಯ್ಕೆಯಾದೀತು.

ದುರಂತದ ಬಳಿಕ ಏನೂ ಆಗಲಿಲ್ಲವೆನ್ನುವುದು ನ್ಯಾಯವಲ್ಲ. ಜೀವವಿಮೆ 10 ಲಕ್ಷದಿಂದ 15 ಲಕ್ಷ ನೇಪಾಳಿ ರೂಪಾಯಿಗೆ ಏರಿತು. 2015ರಲ್ಲಿ ಹಿಮಪ್ರಪಾತದ ದಾರಿಯನ್ನು ಆ ಮಾರಕ ಭುಜದಿಂದ ಸರಿಸಿ ನಡುವಿಗೆ ತಂದರು. ಈಚೆಗೆ ಡ್ರೋನ್‌ಗಳು ಏಣಿ, ಹಗ್ಗಗಳನ್ನು ಸಾಗಿಸತೊಡಗಿವೆ. ಒಂದೊಂದು ಹಾರಾಟದಿಂದಲೂ ಮನುಷ್ಯನ ಬೆನ್ನಿನ ಹೊರೆ ಅಷ್ಟಷ್ಟು ಇಳಿಯುತ್ತದೆ. 2025ರ ಸೆಪ್ಟೆಂಬರಿನಿಂದ ವಸಂತಕಾಲದ ಪರವಾನಗಿಯ ಶುಲ್ಕ 11,000 ಡಾಲರಿನಿಂದ 15,000ಕ್ಕೆ ಏರಿದೆ. ಆದರೂ 2023ರ ಏಪ್ರಿಲ್ 12ರಂದು ಅದೇ ಹಿಮಪ್ರಪಾತ ಇನ್ನೂ ಮೂವರು ಶೇರ್ಪಾಗಳನ್ನು ನುಂಗಿತು. ದಾರಿ ಬದಲಾಯಿತು, ಅದನ್ನು ಮೊದಲು ತುಳಿಯಬೇಕಾದವರು ಬದಲಾಗಲಿಲ್ಲ.

ಆದ್ದರಿಂದ ಹೆಚ್ಚಿದ ಶುಲ್ಕವನ್ನು ಅಳೆಯಬೇಕಾದುದು ಖಜಾನೆಯಲ್ಲಿ ಅಲ್ಲ. ಅದರ ಮೊದಲ ಪಾಲು ವಿಧವೆಯರ ಜೀವನಾಧಾರಕ್ಕೆ, ಅನಾಥ ಮಕ್ಕಳ ಶಾಲೆಗೆ, ಹೊರೆಯವರು ಹಿಮಪ್ರಪಾತವನ್ನು ದಾಟುವ ಸರದಿಗಳನ್ನು ಕಡಿಮೆಮಾಡುವ ಸಾಧನಗಳಿಗೆ ಸಲ್ಲಬೇಕು. ಹಣ ತೆತ್ತು ಏರುವವರಿಗೂ ಒಂದು ಕರ್ತವ್ಯವಿದೆ. ನನಗಾಗಿ ಈ ದಾರಿಯನ್ನು ಯಾರು, ಎಷ್ಟು ಸಲ ದಾಟಬೇಕಾಗುತ್ತದೆ, ಅವನು ಮರಳದಿದ್ದರೆ ಅವನ ಮನೆಯವರ ಗತಿಯೇನು ಎಂದು ಹೊರಡುವ ಮೊದಲೇ ಕೇಳಿ ತಿಳಿಯುವುದು. ಎವರೆಸ್ಟನ್ನು ಏರುವವರಲ್ಲಿ ಭಾರತೀಯರ ಸಂಖ್ಯೆಯೂ ಬೆಳೆಯುತ್ತಿರುವುದರಿಂದ ಈ ಪ್ರಶ್ನೆಯನ್ನು ಪರದೇಶಿಗಳಿಗೆ ಮಾತ್ರ ಬಿಟ್ಟು ನಾವು ನಿಶ್ಚಿಂತರಾಗಿರುವಂತಿಲ್ಲ.